ಹಿಂಡದ ಬಟ್ಟೆಯಿಂದ ಸೋಪು ಹೋಗದು: ಒಂದು ವಾಷಿಂಗ್ ಮೆಷಿನ್ ಪ್ರಕರಣ

ಅಕ್ಕನ ಮನೆಯ ವಾಷಿಂಗ್ ಮೆಷಿನ್ ಬಟ್ಟೆಯ ಕೊಳೆ ತೆಗೆಯುತ್ತಿತ್ತು, ಆದರೆ ಹಾಕಿದ ಸೋಪನ್ನು ಬಿಡಿಸುತ್ತಿರಲಿಲ್ಲ. ಮೂರು ತಿಂಗಳಿಂದ ಅಕ್ಕ ಮೆಷಿನ್‌ನಿಂದ ತೆಗೆದ ಬಟ್ಟೆಯನ್ನು ಮತ್ತೆ ಬಕೆಟ್ಟಿನಲ್ಲಿ ಅದ್ದಿ, ಎರಡು ನೀರು ಜಾಲಿಸಿ, ಕೈಯಲ್ಲಿ ಹಿಂಡಿ ಒಣಗಲು ಹಾಕುತ್ತಿದ್ದಳು. ಹಾಗೆ ಮಾಡದ ದಿನ ಟವೆಲ್ಲುಗಳು ಒಣಗಿ ರಟ್ಟಿನಂತಾಗುತ್ತಿದ್ದವು. ಮೈ ಒರೆಸಿಕೊಂಡರೆ ಚರ್ಮದ ಮೇಲೆ ಜಾರುವ ಪದರವೊಂದು ಉಳಿಯುತ್ತಿತ್ತು. ಕಪ್ಪು ಬಟ್ಟೆಗಳ ಮೇಲೆ ಮಂಕಾದ ಮಚ್ಚೆಗಳು.

ಮೆಷಿನ್ ಏಳು ವರ್ಷ ಹಳೆಯದು. ಮುಂದಿನ ಬಾಗಿಲಿನಿಂದ ಬಟ್ಟೆ ತುಂಬುವ ಬಗೆಯದು, 7 ಕಿಲೋ ಸಾಮರ್ಥ್ಯದ್ದು. ನೋಡಲು ಬಂದ ಮೆಕ್ಯಾನಿಕ್ ಒಬ್ಬರು ನೀರು ಒಳಬಿಡುವ ವಾಲ್ವ್ ಬದಲಿಸಿದರು. ಪರಿಸ್ಥಿತಿ ಹಾಗೆಯೇ ಉಳಿದಾಗ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿದೆ, ಅದನ್ನು ಬದಲಿಸುವುದಕ್ಕಿಂತ ಹೊಸ ಮೆಷಿನ್ ಕೊಳ್ಳುವುದೇ ಲೇಸು ಎಂದರು. ಭಾವ ಹೊಸದು ಕೊಳ್ಳಲು ಸಿದ್ಧರಾಗಿದ್ದರು. "ಒಂದು ವಾರ ತಡೆಯಿರಿ ಭಾವ, ನಾನೊಮ್ಮೆ ನೋಡುತ್ತೇನೆ" ಎಂದು ಕೇಳಿಕೊಂಡೆ. ಕಾರಣ ಗೊತ್ತಾಗದೆ ಯಂತ್ರವನ್ನು ಬದಲಿಸಿದರೆ ಅದೇ ಕಾಯಿಲೆ ಹೊಸ ಯಂತ್ರಕ್ಕೂ ಅಂಟಿಕೊಳ್ಳಬಹುದು ಎಂಬ ಅಳುಕು ನನ್ನದು. ಆ ಅಳುಕು ಸರಿಯಾಗಿತ್ತು ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ಪ್ರಶ್ನೆ: ಉಳಿದಿರುವುದು ಸೋಪೇ ಹೌದೇ?

ಇದನ್ನು ಕೇಳದೆಯೇ ಎಷ್ಟೋ ರಿಪೇರಿಗಳು ಶುರುವಾಗುತ್ತವೆ. ಮೆದು ನೀರಿನಲ್ಲಿ ತೊಳೆದ ಕೈ ಸೋಪು ಪೂರ್ತಿ ಹೋದ ಮೇಲೂ ಜಾರುತ್ತದೆ. ಜಾಲಿಸುವಾಗ ಬಾಗಿಲ ಗಾಜಿನ ಮೇಲೆ ಕಾಣುವ ನಾಲ್ಕು ಗುಳ್ಳೆಗಳೂ ಸೋಪು ಉಳಿದಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಬಹಳ ಕಡಿಮೆ ಡಿಟರ್ಜೆಂಟ್ ಕೂಡ ನೀರು ಕಲಕಿದಾಗ ನೊರೆ ಎಬ್ಬಿಸುತ್ತದೆ. ಅದಕ್ಕಾಗಿ ಒಂದೇ ಅಳತೆಯ ಎರಡು ಗಾಜಿನ ಡಬ್ಬಿ ತೆಗೆದುಕೊಂಡೆ. ಎರಡರಲ್ಲೂ ಅರ್ಧದಷ್ಟು ನಲ್ಲಿ ನೀರು ತುಂಬಿದೆ. ಒಂದರಲ್ಲಿ ಮೆಷಿನ್‌ನಲ್ಲಿ ಒಗೆದು ಒಣಗಿಸಿದ ಕರ್ಚೀಫನ್ನು ಹತ್ತು ನಿಮಿಷ ನೆನೆಸಿ, ಅದೇ ನೀರಿಗೆ ಹಿಂಡಿ, ಕರ್ಚೀಫನ್ನು ಹೊರತೆಗೆದೆ. ಇನ್ನೊಂದನ್ನು ಬರಿ ನೀರಾಗಿಯೇ ಬಿಟ್ಟೆ. ಎರಡಕ್ಕೂ ಮುಚ್ಚಳ ಹಾಕಿ ಹತ್ತು ಹತ್ತು ಬಾರಿ ಕುಲುಕಿದೆ.

ಬರಿ ನೀರಿನ ಗುಳ್ಳೆಗಳು ಎರಡು ಮೂರು ಸೆಕೆಂಡಿನಲ್ಲಿ ಒಡೆದುಹೋದವು. ಕರ್ಚೀಫಿನ ನೀರಿನ ಮೇಲೆ ಎರಡು ಬೆರಳು ದಪ್ಪದ ನೊರೆ ನಿಂತಿತು. ಐದು ನಿಮಿಷ ಕಳೆದರೂ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಇತ್ತು. ಅಕ್ಕನ ದೂರು ನೂರಕ್ಕೆ ನೂರು ನಿಜ. ಅವಳು ಬಕೆಟ್ಟಿನಲ್ಲಿ ಜಾಲಿಸಿ ಒಣಗಿಸಿದ್ದ ಇನ್ನೊಂದು ಕರ್ಚೀಫನ್ನೂ ಹೀಗೆಯೇ ಪರೀಕ್ಷಿಸಿದೆ. ಅದರಲ್ಲಿ ಡಬ್ಬಿಯ ಅಂಚಿಗೆ ತೆಳುವಾದ ನೊರೆಯ ಗೆರೆ ಮಾತ್ರ ಕಂಡಿತು.

ಇಲ್ಲೊಂದು ಸುಳಿವಿತ್ತು. ಆ ಹೊತ್ತಿಗೆ ನಾನು ಅದನ್ನು ಓದಲಿಲ್ಲ. ಮೆಷಿನ್ ಮೂರು ಸಲ ಜಾಲಿಸುತ್ತದೆ, ಅಕ್ಕ ಹೆಚ್ಚುವರಿ ಜಾಲಿಸುವಿಕೆಯ ಗುಂಡಿ ಒತ್ತಿದರೆ ನಾಲ್ಕು ಸಲ. ಅದರಿಂದ ಆಗದ ಕೆಲಸ ಅಕ್ಕನ ಎರಡು ಬಕೆಟ್ ನೀರಿನಿಂದ ಆಗುತ್ತಿತ್ತು. ಏಕೆ?

ಬೇಗ ಮುಗಿದ ಗುಮಾನಿಗಳು

ಕೈಗೆ ಸುಲಭವಾಗಿ ಸಿಗುವ ಕಾರಣಗಳನ್ನು ಮೊದಲು ಬದಿಗಿಟ್ಟೆ. ಡಿಟರ್ಜೆಂಟನ್ನು ಯಾವ ಖಾನೆಗೆ ಹಾಕುತ್ತೀರಿ ಎಂದು ಅಕ್ಕ ಭಾವ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಹೂವಿನ ಗುರುತಿನ ಖಾನೆ ಬಟ್ಟೆ ಮೃದುವಾಗಿಸುವ ದ್ರವಕ್ಕೆ ಮೀಸಲು; ಅದು ಕೊನೆಯ ಜಾಲಿಸುವಿಕೆಯಲ್ಲಿ ಒಳಗೆ ಹರಿಯುತ್ತದೆ. ಡಿಟರ್ಜೆಂಟ್ ಅಲ್ಲಿಗೆ ಬಿದ್ದರೆ ಎಲ್ಲ ಜಾಲಿಸಿದ ಮೇಲೆ ಹೊಸದಾಗಿ ಸೋಪು ಸುರಿದಂತೆ. ಇಬ್ಬರೂ ಸರಿಯಾದ ಖಾನೆಗೇ ಹಾಕುತ್ತಿದ್ದರು. ಟ್ರೇಯನ್ನು ಹೊರಗೆಳೆದು ನೋಡಿದಾಗ ಮೂಲೆಯಲ್ಲಿ ಗಟ್ಟಿಯಾಗಿ ಅಂಟಿದ ಡಿಟರ್ಜೆಂಟ್ ಇತ್ತು. ಬಿಸಿ ನೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದೆ.

ನೀರು ಸಾಲದೆ ಹೀಗಾಗುತ್ತಿದೆ ಎಂಬುದು ಮೆಕ್ಯಾನಿಕ್‌ನ ಊಹೆಯಾಗಿತ್ತು, ವಾಲ್ವ್ ಬದಲಿಸಿದ್ದೂ ಅದಕ್ಕೇ. ಮೆಷಿನ್‌ಗೆ ಹೋಗುವ ಕೊಳವೆಯನ್ನು ಕಳಚಿ ಒಂದು ನಿಮಿಷ ಬಕೆಟ್ಟಿಗೆ ಹರಿಸಿದೆ, ಸುಮಾರು ಒಂಬತ್ತು ಲೀಟರ್ ಬಂತು. ಇದು ಧಾರಾಳ. ಇನ್ನೂ ಒಂದು ಮಾತಿದೆ. ಇಂಥ ಮೆಷಿನ್ ನೀರನ್ನು ಗಡಿಯಾರ ನೋಡಿ ತುಂಬುವುದಿಲ್ಲ, ಮಟ್ಟ ನೋಡಿ ತುಂಬುತ್ತದೆ. ಡ್ರಮ್ಮಿನ ಹೊರಗಿನ ತೊಟ್ಟಿಯ ತಳದಿಂದ ಮೇಲೆ ಹೋಗುವ ಸಣ್ಣ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಏರಿದಂತೆ ಆ ಗಾಳಿಯ ಒತ್ತಡ ಏರುತ್ತದೆ, ಅದನ್ನು ಅಳೆದು ಮೆಷಿನ್ ವಾಲ್ವ್ ಮುಚ್ಚುತ್ತದೆ. ನಲ್ಲಿಯ ಹರಿವು ಕಡಿಮೆಯಿದ್ದರೆ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ, ಇಲ್ಲವೇ ಮೆಷಿನ್ ದೋಷ ಸೂಚಿಸಿ ನಿಲ್ಲುತ್ತದೆ. ಸದ್ದಿಲ್ಲದೆ ಅರ್ಧ ನೀರಿನಲ್ಲಿ ಜಾಲಿಸಿ ಮುಗಿಸಿಬಿಡುವುದು ಅಪರೂಪ. ವಾಲ್ವ್ ಬದಲಿಸುವ ಮೊದಲು ಒಂದು ಬಕೆಟ್ ಹಿಡಿದು ನೋಡಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ಬಟ್ಟೆಯ ಪ್ರಮಾಣದಲ್ಲಿ ಮಾತ್ರ ತಪ್ಪು ಸಿಕ್ಕಿತು. ಅಕ್ಕ ವಾರದ ಬಹುಪಾಲು ದಿನ ಬೇಗ ಮುಗಿಯುವ ಕಿರು ಕಾರ್ಯಕ್ರಮದಲ್ಲಿ ಡ್ರಮ್ಮು ತುಂಬ ಬಟ್ಟೆ ಹಾಕುತ್ತಿದ್ದಳು. 7 ಕಿಲೋ ಎಂಬುದು ಹತ್ತಿ ಬಟ್ಟೆಯ ಪೂರ್ಣ ಕಾರ್ಯಕ್ರಮಕ್ಕೆ ಹೇಳಿದ ತೂಕ. ಕಿರು ಕಾರ್ಯಕ್ರಮಕ್ಕೆ ಕೈಪಿಡಿ 2 ಕಿಲೋ ಎನ್ನುತ್ತಿತ್ತು. ಆದರೆ ಪೂರ್ಣ ಕಾರ್ಯಕ್ರಮದಲ್ಲಿ ಮಿತವಾಗಿ ಬಟ್ಟೆ ಹಾಕಿದ ದಿನವೂ ಸೋಪು ಉಳಿಯುತ್ತಿತ್ತಾದ್ದರಿಂದ ಇದೊಂದೇ ಕಾರಣವಾಗಿರಲು ಸಾಧ್ಯವಿರಲಿಲ್ಲ.

ಮೆಷಿನ್ ಮುಂದೆ ಕುಳಿತ ಮೂರು ಗಂಟೆ

ಮರುದಿನ ಬೆಳಿಗ್ಗೆ ಡ್ರಮ್ಮಿನ ಮುಕ್ಕಾಲು ಭಾಗದಷ್ಟು ಹತ್ತಿ ಬಟ್ಟೆ ಹಾಕಿ, ಡಿಟರ್ಜೆಂಟನ್ನು ಅಕ್ಕನ ಕೈಯಿಂದಲೇ ಅವಳ ರೂಢಿಯ ಅಳತೆಯಲ್ಲಿ ಹಾಕಿಸಿ, ಪೂರ್ಣ ಕಾರ್ಯಕ್ರಮ ಹಚ್ಚಿದೆ. ಒಂದು ಪುಸ್ತಕ, ಗಡಿಯಾರ ಇಟ್ಟುಕೊಂಡು ಬಾಗಿಲ ಮುಂದೆ ಕುಳಿತೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದೇ. ಮೆಷಿನ್ ಮುಗಿದ ಮೇಲೆ ಬಟ್ಟೆ ನೋಡಿದರೆ ಫಲಿತಾಂಶ ಮಾತ್ರ ಕಾಣುತ್ತದೆ. ಎಲ್ಲಿ ಎಡವಿತು ಎಂಬುದು ಕಾಣಬೇಕಾದರೆ ಅದು ಕೆಲಸ ಮಾಡುವಾಗ ಪಕ್ಕದಲ್ಲಿರಬೇಕು.

ಒಗೆಯುವ ಹಂತದ ಇಪ್ಪತ್ತನೆಯ ನಿಮಿಷಕ್ಕೆ ಗಾಜಿನ ಅರ್ಧಕ್ಕೆ ನೊರೆ ಬಂತು. ಮೂವತ್ತೈದನೆಯ ನಿಮಿಷಕ್ಕೆ ಬಟ್ಟೆಯೇ ಕಾಣದಂತೆ ಗಾಜು ಬಿಳಿಯಾಯಿತು. ಒಗೆತ ಮುಗಿದು ಪಂಪು ಶುರುವಾಯಿತು. ಮೊದಲು ನೀರು ತಳ್ಳುವ ದಪ್ಪ ಸದ್ದು, ಆಮೇಲೆ ಗೊರಗೊರ ಎನ್ನುವ ಬರಿದಾದ ಸದ್ದು. ಎರಡು ನಿಮಿಷ ಕಳೆದರೂ ಪಂಪು ನಿಲ್ಲಲಿಲ್ಲ. ಬಳಿಕ ಡ್ರಮ್ಮು ಹಿಂಡಲು ವೇಗ ಹಿಡಿಯಿತು, ಕೆಲವೇ ಸೆಕೆಂಡಿನಲ್ಲಿ ತಗ್ಗಿತು, ನಿಂತಿತು. ಮತ್ತೆ ಪಂಪು. ಮತ್ತೆ ಪ್ರಯತ್ನ, ಮತ್ತೆ ನಿಂತಿತು. ಮೂರನೆಯ ಸಲ ಸೋತು, ಹಿಂಡುವುದನ್ನೇ ಬಿಟ್ಟು, ಜಾಲಿಸಲು ಹೊಸ ನೀರು ತುಂಬಿಕೊಂಡಿತು.

ಪ್ರತಿ ಜಾಲಿಸುವಿಕೆಯ ಕೊನೆಗೂ ಇದೇ ಪುನರಾವರ್ತನೆ. 2 ಗಂಟೆ 10 ನಿಮಿಷ ಎಂದು ತೋರಿಸಿದ್ದ ಕಾರ್ಯಕ್ರಮ 2 ಗಂಟೆ 50 ನಿಮಿಷ ತೆಗೆದುಕೊಂಡಿತು. ನಡುವೆ ಒಂದೇ ಒಂದು ಸಲವೂ ಬಟ್ಟೆಯನ್ನು ಸರಿಯಾಗಿ ಹಿಂಡಲಿಲ್ಲ. ಕೊನೆಯ ಹಿಂಡುವಿಕೆಯೂ ಅರೆಬರೆ.

ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಓದುವಾಗ ಹಿಂದಿನ ದಿನದ ಕರ್ಚೀಫು ನೆನಪಾಯಿತು. ಅಕ್ಕ ಬಕೆಟ್ಟಿನ ನೀರಿನಿಂದ ಬಟ್ಟೆ ಎತ್ತಿದಾಗಲೆಲ್ಲ ಹಿಂಡುತ್ತಿದ್ದಳು. ಮೆಷಿನ್ ಹಿಂಡುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ಹಿಂಡುವುದಕ್ಕೆ ಇಷ್ಟು ಮಹತ್ವವೇ ಎಂದು ಭಾವ ಕೇಳಿದರು. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಇಲ್ಲಿನ ಅಂಕಿಗಳು ಅಂದಾಜಿನವು, ಆದರೆ ತರ್ಕ ಗಟ್ಟಿ. 4 ಕಿಲೋ ಹತ್ತಿ ಬಟ್ಟೆ ಒಗೆದ ನೀರು ಒಟ್ಟು 15 ಲೀಟರ್, ಅದರಲ್ಲಿ 100 ಪಾಲು ಸೋಪು ಎಂದುಕೊಳ್ಳಿ. ನೀರನ್ನು ಬರಿದೆ ಹೊರಗೆ ಬಿಟ್ಟರೆ ಬಟ್ಟೆ ಸುಮಾರು 9 ಲೀಟರ್ ನೀರನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಚೆನ್ನಾಗಿ ಹಿಂಡಿದರೆ 3 ಲೀಟರ್ ಉಳಿಯುತ್ತದೆ. ಪ್ರತಿ ಸಲ ಜಾಲಿಸಲು 12 ಲೀಟರ್ ಹೊಸ ನೀರು.

ಹಿಂಡುತ್ತ ಹೋದರೆ, ಒಗೆತದ ಕೊನೆಗೆ ಬಟ್ಟೆಯಲ್ಲಿ 20 ಪಾಲು ಸೋಪು. ಮೊದಲ ಜಾಲಿಸುವಿಕೆಯ ನಂತರ 4, ಎರಡನೆಯದರ ನಂತರ 0.8, ಮೂರನೆಯದರ ನಂತರ 0.16. ಹಿಂಡದೆ ಹೋದರೆ ಶುರುವಿಗೇ 60 ಪಾಲು. ಆಮೇಲೆ 26, 11, ಕೊನೆಗೆ ಸುಮಾರು 4.7. ಕಟ್ಟಕಡೆಯ ಹಿಂಡುವಿಕೆ ಮಾತ್ರ ಸರಿಯಾಗಿ ನಡೆದರೂ 1.6ರಷ್ಟು ಉಳಿಯುತ್ತದೆ, ಅಂದರೆ ಹತ್ತು ಪಟ್ಟು. ನೀರು ಎರಡೂ ಕಡೆ ಅಷ್ಟೇ ಖರ್ಚಾಗಿದೆ. ಅಕ್ಕ ಒತ್ತುತ್ತಿದ್ದ ಹೆಚ್ಚುವರಿ ಜಾಲಿಸುವಿಕೆಯ ಗುಂಡಿ ಏಕೆ ಉಪಯೋಗಕ್ಕೆ ಬರಲಿಲ್ಲ ಎಂಬುದೂ ಇಲ್ಲೇ ಇದೆ: ಹಿಂಡದೆ ಜಾಲಿಸಿದರೆ ಪ್ರತಿ 12 ಲೀಟರ್ ನೀರು ಸೋಪನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಳಿಸುತ್ತದೆ, ಅಷ್ಟೇ. ಸೋಪು ಹೋಗುವುದು ಹೊಸ ನೀರು ಬರುವುದರಿಂದ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಹೋಗುವುದು ಹಳೆಯ ನೀರಿನ ಜೊತೆ.

ಅರ್ಧ ಸರಿಯಾದ ಉತ್ತರ

ಹಿಂಡದಿರುವುದಕ್ಕೆ ಕಾರಣವೇನು? ಬಟ್ಟೆ ಒಂದೇ ಕಡೆ ಮುದ್ದೆಯಾಗಿ ತೂಕ ಸಮವಾಗದಿದ್ದರೂ ಮೆಷಿನ್ ಹಿಂಡಲು ನಿರಾಕರಿಸುತ್ತದೆ. ಆಗ ಅದು ಬಟ್ಟೆಯನ್ನು ಹರಡಲು ಡ್ರಮ್ಮನ್ನು ಹಿಂದೆ ಮುಂದೆ ಮೆಲ್ಲಗೆ ತಿರುಗಿಸುತ್ತದೆ, ದಡದಡ ಸದ್ದೂ ಕೇಳುತ್ತದೆ. ಇಲ್ಲಿ ಆ ಲಕ್ಷಣ ಇರಲಿಲ್ಲ. ಪಂಪು ಬಹಳ ಹೊತ್ತು ಓಡಿದ್ದರಿಂದ ನೀರು ಹೊರಹೋಗುವ ದಾರಿಯ ಮೇಲೆ ನನ್ನ ಗುಮಾನಿ ಹೋಯಿತು.

ಪ್ಲಗ್ ಕಿತ್ತು, ಕೆಳಗಿನ ಪುಟ್ಟ ಬಾಗಿಲು ತೆರೆದು, ಅಲ್ಲಿದ್ದ ಸಣ್ಣ ಕೊಳವೆಯಿಂದ ಉಳಿದ ನೀರನ್ನು ತಟ್ಟೆಗೆ ಬಿಟ್ಟು, ಫಿಲ್ಟರನ್ನು ನಿಧಾನವಾಗಿ ತಿರುಗಿಸಿ ತೆಗೆದೆ. ಬಿಸಿ ನೀರಿನ ಒಗೆತದ ಬೆನ್ನಿಗೇ ಇದನ್ನು ತೆರೆಯಬಾರದು, ಒಳಗಿನ ನೀರು ಕೈ ಸುಡುತ್ತದೆ. ಫಿಲ್ಟರಿಗೆ ಬೂದು ಬಣ್ಣದ ನಾರು ಉಣ್ಣೆಯಂತೆ ಸುತ್ತಿಕೊಂಡಿತ್ತು. ಜೊತೆಗೆ ಒಂದು ತಲೆಪಿನ್ನು, ಮಗುವಿನ ಅಂಗಿಯ ಒಂದು ಗುಂಡಿ. ಒಳಗೆ ಟಾರ್ಚ್ ಬಿಟ್ಟು ಪಂಪಿನ ರೆಕ್ಕೆಯನ್ನು ಕಡ್ಡಿಯಿಂದ ತಿರುಗಿಸಿದೆ. ತಡೆದು ತಡೆದು, ಜಿಗಿದಂತೆ ತಿರುಗಿತು. ಇದನ್ನು ಕಂಡು ಪಂಪು ಕೆಟ್ಟಿದೆ ಎಂದು ಹಲವರು ತಿಳಿಯುತ್ತಾರೆ. ಅದು ಒಳಗಿನ ಅಯಸ್ಕಾಂತದ ಸೆಳೆತ, ಸಹಜವೇ. ಮೆಷಿನನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಹಿಂದಿನ ಕೊಳವೆ ಒಂದು ಕಡೆ ಮಡಚಿಕೊಂಡಿತ್ತು, ಅದನ್ನೂ ಬಿಡಿಸಿದೆ.

ಕಾರಣ ಸಿಕ್ಕಿತು ಎಂದು ಅಕ್ಕನಿಗೆ ಹೇಳಿಯೂಬಿಟ್ಟೆ. ಮತ್ತೆ ಅದೇ ಬಗೆಯ ಬಟ್ಟೆ, ಅದೇ ಅಳತೆಯ ಡಿಟರ್ಜೆಂಟ್ ಹಾಕಿ ನೋಡಿದೆವು. ನೀರು ಈಗ ಒಂದು ನಿಮಿಷದೊಳಗೆ ಖಾಲಿಯಾಗುತ್ತಿತ್ತು. ಆದರೆ ಗಾಜು ಮತ್ತೆ ಬಿಳಿಯಾಯಿತು, ಡ್ರಮ್ಮು ಮತ್ತೆ ಎಡವಿತು. ಕೊನೆಯ ಜಾಲಿಸುವಿಕೆಯ ನಂತರ ಒಮ್ಮೆ ಮಾತ್ರ ಚೆನ್ನಾಗಿ ಹಿಂಡಿತು. ಮುಚ್ಚಿದ ಫಿಲ್ಟರು ತೊಂದರೆಯನ್ನು ಹೆಚ್ಚಿಸಿತ್ತು, ಆದರೆ ಹುಟ್ಟಿಸಿರಲಿಲ್ಲ.

ಸೋಪಿಲ್ಲದ ಒಗೆತ

ಆ ಸಂಜೆ ಅದೇ ಬಟ್ಟೆಗಳನ್ನು ಹೊರಗೆ ತೆಗೆಯದೆ, ಒಂದು ಹನಿ ಡಿಟರ್ಜೆಂಟೂ ಹಾಕದೆ, 40 ಡಿಗ್ರಿಯಲ್ಲಿ ಮತ್ತೆ ಒಗೆಯಲು ಬಿಟ್ಟೆ. ಸೋಪು ಹಾಕದಿದ್ದರೂ ಹದಿನೈದು ನಿಮಿಷದಲ್ಲಿ ಗಾಜಿನ ಮೂರನೇ ಒಂದು ಭಾಗದವರೆಗೆ ನೊರೆ ಬಂತು. ಅಕ್ಕ ಬಾಯಿಗೆ ಕೈ ಹಿಡಿದು ನೋಡುತ್ತಿದ್ದಳು. ಅಷ್ಟು ಸೋಪು ಬಟ್ಟೆಯೊಳಗೇ ಇತ್ತು. ಈ ಸಲ ಎರಡನೆಯ ಜಾಲಿಸುವಿಕೆಯ ನಂತರ ಡ್ರಮ್ಮು ನಿಲ್ಲದೆ ವೇಗ ಹಿಡಿಯಿತು. ಮತ್ತೊಮ್ಮೆ ಹಾಗೆಯೇ ಒಗೆದಾಗ ಗಾಜು ತಿಳಿಯಾಗಿತ್ತು, ಪ್ರತಿ ಹಂತದಲ್ಲೂ ಹಿಂಡಿತು, 2 ಗಂಟೆ 10 ನಿಮಿಷಕ್ಕೆ ಸರಿಯಾಗಿ ಮುಗಿಯಿತು.

ಬೋರ್ಡು ಕೆಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಅದೇ ಬಟ್ಟೆ, ಅದೇ ಮೆಷಿನ್, ಅದೇ ಕಾರ್ಯಕ್ರಮ. ಬದಲಾದದ್ದು ನೊರೆ ಮಾತ್ರ. ಹಿಂಡುವಾಗ ಡ್ರಮ್ಮು ಅದರ ಹೊರಗಿನ ತೊಟ್ಟಿಯೊಳಗೆ ವೇಗವಾಗಿ ಸುತ್ತಬೇಕು. ಇವೆರಡರ ನಡುವಿನ ಸಂದಿಯಲ್ಲಿ ನೊರೆ ತುಂಬಿಕೊಂಡರೆ ಅದು ಡ್ರಮ್ಮಿಗೆ ಬ್ರೇಕಿನಂತೆ ಅಂಟುತ್ತದೆ. ಪಂಪು ನೀರನ್ನು ತಳ್ಳಬಲ್ಲದು, ಗಾಳಿಯೇ ಹೆಚ್ಚಿರುವ ನೊರೆಯನ್ನು ತಳ್ಳಲಾರದು; ಗೊರಗೊರ ಸದ್ದು ಅದರದೇ. ಮೋಟಾರಿನ ಮೇಲೆ ಭಾರ ಬೀಳುವುದನ್ನು ಗ್ರಹಿಸಿದ ಮೆಷಿನ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಕೆಟ್ಟ ಯಂತ್ರದ ವರ್ತನೆಯಂತೆ ಕಂಡದ್ದು ವಾಸ್ತವದಲ್ಲಿ ಸರಿಯಿರುವ ಯಂತ್ರದ ಎಚ್ಚರಿಕೆ.

ನೊರೆ ಎಲ್ಲಿಂದ ಬಂತು

ಏಳು ವರ್ಷ ಇಲ್ಲದ ನೊರೆ ಮೂರು ತಿಂಗಳ ಹಿಂದೆ ಏಕೆ ಶುರುವಾಯಿತು? ಡಿಟರ್ಜೆಂಟ್ ಬದಲಿಸಿದಿರಾ ಎಂದು ಮೊದಲೇ ಕೇಳಿದ್ದೆ. ಇಲ್ಲ, ಅದೇ ದ್ರವ ಎಂದು ಅಕ್ಕ ಹೇಳಿದ್ದಳು. ಆ ಉತ್ತರ ನಿಜವಾಗಿತ್ತು, ನನ್ನ ಪ್ರಶ್ನೆ ಸಾಲದಾಗಿತ್ತು. "ಮನೆಯಲ್ಲಿ ಬೇರೆ ಏನಾದರೂ ಬದಲಾಯಿತೇ ಅಕ್ಕ, ನೀರು, ನಲ್ಲಿ, ಏನೇ ಆಗಲಿ" ಎಂದು ಈಗ ಕೇಳಿದೆ. ಉತ್ತರ ಕೊಟ್ಟವರು ಭಾವ. ನಾಲ್ಕು ತಿಂಗಳ ಹಿಂದೆ ಕಟ್ಟಡದ ತೊಟ್ಟಿಗೆ ನೀರು ಮೆದುಗೊಳಿಸುವ ಘಟಕ ಕೂಡಿಸಿದ್ದರಂತೆ. ಅದರ ಸೂಚನಾ ಪತ್ರ ಹುಡುಕಿ ತಂದರು. ಮೊದಲು ಲೀಟರಿಗೆ 320 ಮಿಲಿಗ್ರಾಂ ಇದ್ದ ಗಡಸುತನ ಈಗ 50 ಎಂದು ಅದರಲ್ಲಿತ್ತು. 180 ದಾಟಿದರೆ ಬಹಳ ಗಡಸು ನೀರು, 60ಕ್ಕಿಂತ ಕೆಳಗಿದ್ದರೆ ಮೆದು ನೀರು ಎಂಬುದು ರೂಢಿಯ ವಿಂಗಡಣೆ. ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿತ್ತು. ಸ್ನಾನದ ಮನೆಯ ನಲ್ಲಿಗಳ ಮೇಲೆ ಬಿಳಿ ಕಲೆ ಕಟ್ಟುವುದು ನಿಂತಿದೆ ಎಂದು ಅಕ್ಕ ಸಂತೋಷಪಟ್ಟಿದ್ದಳು, ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಯಾರು ತಾನೇ ಜೋಡಿಸಿಯಾರು?

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಡಿಟರ್ಜೆಂಟಿನ ಒಂದು ಪಾಲನ್ನು ತಿಂದುಹಾಕುತ್ತವೆ, ನೊರೆಯನ್ನೂ ತಗ್ಗಿಸುತ್ತವೆ. ಆದ್ದರಿಂದ ಅಲ್ಲಿ ಹೆಚ್ಚು ಹಾಕಬೇಕು, ಹೆಚ್ಚು ಹಾಕಿದರೂ ನಡೆಯುತ್ತದೆ. ನೀರು ಮೆದುಗೊಳಿಸುವ ಘಟಕದಲ್ಲಿರುವ ರಾಳದ ಮಣಿಗಳು ಈ ಎರಡನ್ನೂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಸೋಡಿಯಂ ಡಿಟರ್ಜೆಂಟಿಗೆ ಅಡ್ಡಿಪಡಿಸುವುದಿಲ್ಲ. ಹಾಕಿದ ಅಷ್ಟೂ ಡಿಟರ್ಜೆಂಟ್ ಕೆಲಸಕ್ಕೆ ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಉಳಿದದ್ದು ನೊರೆಯಾಗುತ್ತದೆ.

ಇದರ ಮೇಲೆ ಇನ್ನೊಂದು ಸುತ್ತು ಬಿದ್ದಿತ್ತು. ಸೋಪು ಉಳಿದ ಬಟ್ಟೆ ಮೈಯ ಜಿಡ್ಡನ್ನೂ ಹಿಡಿದಿಟ್ಟುಕೊಂಡು ಹಳಸಿದ ವಾಸನೆ ಬರಲು ಶುರುವಾದಾಗ, ಸೋಪು ಸಾಲುತ್ತಿಲ್ಲವೆಂದು ಅಕ್ಕ ಮುಚ್ಚಳವನ್ನು ಅಂಚಿನವರೆಗೆ ತುಂಬತೊಡಗಿದ್ದಳು. ಆ ಮುಚ್ಚಳದೊಳಗೆ ಮೂರು ಗೆರೆಗಳಿದ್ದವು. ಬೆಳಕಿಗೆ ಹಿಡಿದು ನೋಡದೆ ಕಾಣದಷ್ಟು ಸಣ್ಣವು. ಮೆದು ನೀರಿಗೆ, ಸಾಧಾರಣ ಕೊಳೆಗೆ ಬೇಕಾದದ್ದು ಎಲ್ಲಕ್ಕಿಂತ ಕೆಳಗಿನ ಗೆರೆ. ಅಂಚಿನವರೆಗೆ ತುಂಬಿದರೆ ಅದರ ಮೂರು ಪಟ್ಟಿಗೂ ಹೆಚ್ಚು. ಇಷ್ಟು ಮುಖ್ಯವಾದ ಗೆರೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಣ್ಣವಿಲ್ಲದೆ ಮೂಡಿಸುವುದು ಬಳಸುವವರಿಗೆ ಮಾಡುವ ಅನ್ಯಾಯ ಎಂದೇ ನನಗನ್ನಿಸುತ್ತದೆ.

ಮಾಡಿದ್ದು, ಆದದ್ದು

ಕೆಳಗಿನ ಗೆರೆಯ ಮೇಲೆ ಅಳಿಸದ ಶಾಯಿಯಿಂದ ದಪ್ಪಗೆ ಗುರುತು ಮಾಡಿಕೊಟ್ಟೆ. ಬಟ್ಟೆ ತುಂಬಿದ ಮೇಲೆ ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈ ನಿಲ್ಲಿಸುವಷ್ಟು ಜಾಗ ಇರಬೇಕು, ಕಿರು ಕಾರ್ಯಕ್ರಮ ಎರಡು ಮೂರು ಅಂಗಿಗಳಿದ್ದಾಗ ಮಾತ್ರ, ಫಿಲ್ಟರು ತಿಂಗಳಿಗೊಮ್ಮೆ. ಮೆಷಿನ್‌ನ ಒಳಗೆ ಕೂತಿದ್ದ ಸೋಪಿನ ಪದರ ಹೋಗಲು ಖಾಲಿ ಡ್ರಮ್ಮನ್ನು 60 ಡಿಗ್ರಿಯಲ್ಲಿ ಎರಡು ಸಲ ಓಡಿಸಿದೆವು. ಮೊದಲ ಸಲ ನೊರೆ ಕಂಡಿತು, ಎರಡನೆಯ ಸಲ ಇಲ್ಲ. ಯಾರದೋ ಮಾತು ಕೇಳಿ ಅಕ್ಕ ಪ್ರತಿ ಒಗೆತಕ್ಕೂ ವಿನೆಗರ್ ಸುರಿಯುತ್ತಿದ್ದಳು. ಅದನ್ನು ನಿಲ್ಲಿಸಿದೆ, ದಿನವೂ ಬಿದ್ದರೆ ಒಳಗಿನ ರಬ್ಬರ್ ಭಾಗಗಳಿಗೆ ಒಳ್ಳೆಯದಲ್ಲ.

ಕಡಿಮೆ ಅಳತೆಯ ಮೇಲೆ ಅಕ್ಕನಿಗೆ ನಂಬಿಕೆ ಬರಲು ಸಮಯ ಹಿಡಿಯಿತು. "ಇಷ್ಟರಲ್ಲಿ ಕೊಳೆ ಹೋಗುತ್ತದೆಯೇ?" ಎಂದು ಮೂರು ಸಲ ಕೇಳಿದಳು. ಭಾವನ ಅಂಗಿಯ ಕೊರಳಪಟ್ಟಿಯನ್ನೇ ಪರೀಕ್ಷೆಗೆ ಇಟ್ಟೆವು. ಮೊದಲಿಗಿಂತ ಚೆನ್ನಾಗಿಯೇ ಬಂತು. ಅದಕ್ಕೂ ಕಾರಣವಿದೆ: ನೊರೆ ಹೆಚ್ಚಾದಾಗ ಬಟ್ಟೆ ಅದರ ಮೇಲೆ ತೇಲಿದಂತಾಗಿ ಮೇಲಿನಿಂದ ಬೀಳುವ ಏಟು ಕಡಿಮೆಯಾಗುತ್ತದೆ, ಈ ಮೆಷಿನ್ ಕೊಳೆ ತೆಗೆಯುವುದೇ ಬಟ್ಟೆಯನ್ನು ಎತ್ತಿ ಬೀಳಿಸಿ.

ಎರಡು ವಾರದ ನಂತರ ಮತ್ತೆ ಹೋಗಿ ಡಬ್ಬಿಗಳನ್ನು ತೆಗೆದೆ. ಕರ್ಚೀಫಿನ ನೀರಿನ ಗುಳ್ಳೆಗಳು ಬರಿ ನೀರಿನವುಗಳ ಜೊತೆಜೊತೆಗೇ ಒಡೆದವು. ಅಂಗಿಗಳು, ದಿಂಬಿನ ಹೊದಿಕೆಗಳು ಕೂಡ ಹಾಗೆಯೇ. ದಪ್ಪ ಸ್ನಾನದ ಟವೆಲ್ಲಿನ ನೀರಿನಲ್ಲಿ ಮಾತ್ರ ಒಂದು ಬೆರಳು ನೊರೆ ಇನ್ನೂ ನಿಲ್ಲುತ್ತಿತ್ತು. ಮೂರು ತಿಂಗಳ ಸೋಪು ಅದರ ಕುಚ್ಚುಗಳಲ್ಲಿ ಕೂತಿತ್ತು. ಟವೆಲ್ಲುಗಳನ್ನಷ್ಟೇ ಸೋಪಿಲ್ಲದೆ 40 ಡಿಗ್ರಿಯಲ್ಲಿ ಒಗೆಯುತ್ತ ಹೋದೆವು. ನಾಲ್ಕನೆಯ ಸಲಕ್ಕೆ ಆ ನೀರೂ ತಿಳಿಯಾಯಿತು.